ಸೂಜಿ ಹೊತ್ತ ಆನೆ

ಕಳೆದ ನವೆಂಬರಿನ ಒಂದು ಶನಿವಾರ ನೆರೆಮನೆಯ ಹಿರಿಯ ಮಹಿಳೆಯೊಬ್ಬರ ಮೇಜಿನ ಮೇಲೆ ಮರದ ಹೊಟ್ಟು ಚೆಲ್ಲಿರುವುದು ನನ್ನ ಕಣ್ಣಿಗೆ ಬಿತ್ತು. ಅದು ಸೋರುತ್ತಿದ್ದುದು ಟೊಮೇಟೊ ಹಣ್ಣಿನ ಆಕಾರದ, ಬಣ್ಣಗೆಟ್ಟ ಒಂದು ಸೂಜಿಮೆತ್ತೆಯಿಂದ. ನಮ್ಮೂರಿನ ದರ್ಜಿಗಳ ಅಂಗಡಿಯಲ್ಲಿ ಗುಂಡುಸೂಜಿಗಳನ್ನು ಚುಚ್ಚಿಡಲು ಬಟ್ಟೆಯ ಒಂದು ಗಂಟು ಇರುತ್ತದಲ್ಲವೆ, ಅದರದೇ ಜಾತಿಯ ವಸ್ತು. ಇಲ್ಲಿನವರು ಅದನ್ನು ಪಿನ್ ಕುಶನ್ ಎನ್ನುತ್ತಾರೆ. ‘ಇದು ನನ್ನ ತಾಯಿಯದು, ವಯಸ್ಸಿನಲ್ಲಿ ನನಗಿಂತ ದೊಡ್ಡದು’ ಎಂದು ಆಕೆ ಹೊಟ್ಟನ್ನು ಅಂಗೈಗೆ ಬಳಿದುಕೊಂಡು ಕಸದ ಬುಟ್ಟಿಗೆ ಹಾಕಿದರು. ಅನಂತರ ಚಹಾ ಮಾಡಲು ಎದ್ದರು.

ನಾನಿರುವುದು ಮೀಡಿಯಾಸಿಟಿಯಲ್ಲಿ. ಹೆಸರು ಕೇಳಿ ದೊಡ್ಡ ನಗರವೆಂದು ಭಾವಿಸಬೇಡಿ. ಮ್ಯಾಂಚೆಸ್ಟರಿಗೆ ಅಂಟಿಕೊಂಡಂತಿರುವ ಸ್ಯಾಲ್ಫರ್ಡ್ ನಗರದ ಹಳೆಯ ಹಡಗುಕಟ್ಟೆಯ ಜಾಗವಿದು. 1894ರಲ್ಲಿ 36 ಮೈಲಿ ಉದ್ದದ ಕಾಲುವೆಯೊಂದನ್ನು ತೆರೆದು ಸಮುದ್ರದ ಹಡಗುಗಳನ್ನು ಈ ಒಳನಾಡಿನ ಊರಿಗೆ ಬರಮಾಡಿಕೊಂಡರು. 1982ರಲ್ಲಿ ಹಡಗುಕಟ್ಟೆ ಮುಚ್ಚಿತು. 2011ರಿಂದ ಬಿಬಿಸಿಯ ಹಲವು ವಿಭಾಗಗಳು ಲಂಡನ್ನಿನಿಂದ ಇಲ್ಲಿಗೆ ಬಂದವು, ಬಳಿಕ ಐಟಿವಿ ಬಂದಿತು. ಈಗ ಟ್ರಾಮಿನಲ್ಲಿ ನನ್ನ ಪಕ್ಕ ಕುಳಿತವರು ಧ್ವನಿ ತಂತ್ರಜ್ಞರೋ, ಸೆಟ್ಟಿಗೆ ಬಣ್ಣ ಬಳಿಯುವವರೋ, ನಟರಿಗೆ ಉಡುಪು ಹೊಲಿಯುವವರೋ ಆಗಿರುವ ಸಂಭವವೇ ಹೆಚ್ಚು. ನಮ್ಮ ನೆರೆಯವರು ಈ ಕೊನೆಯ ಗುಂಪಿಗೆ ಸೇರಿದವರು. ದೂರದರ್ಶನ ನಾಟಕಗಳ ಉಡುಪು ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅವರ ಮನೆಯಲ್ಲಿ ಊಟದ ಮೇಜೆಂಬುದು ಇಲ್ಲ, ಕತ್ತರಿಸುವ ಮೇಜು ಮಾತ್ರ ಇದೆ.

ಅವರಿಗೆ ನಾನು ಋಣಿ. 2020ರ ವಸಂತದಲ್ಲಿ ಕೋವಿಡ್ ರೋಗಿಗಳಿಂದ ಆಸ್ಪತ್ರೆಗಳು ತುಂಬಿ, ನಾವು ವಾರ್ಡಿನಲ್ಲಿ ತೊಡುವ ಸ್ಕ್ರಬ್ಸ್ ಉಡುಪಿಗೂ ಅಭಾವ ಬಂದಿತ್ತು. ಆಗ ಈ ದೇಶದ ಉದ್ದಗಲಕ್ಕೂ ಸಾವಿರಾರು ಜನ ತಮ್ಮ ತಮ್ಮ ಮನೆಗಳಲ್ಲೇ ಕುಳಿತು, ಸಿಕ್ಕ ಬಟ್ಟೆಯಲ್ಲಿ ವೈದ್ಯರಿಗೂ ನರ್ಸುಗಳಿಗೂ ಉಡುಪು ಹೊಲಿದುಕೊಟ್ಟರು. ನನ್ನ ಬಾಗಿಲ ಮುಂದೆಯೂ ಒಂದು ಬೆಳಿಗ್ಗೆ ಪೊಟ್ಟಣವೊಂದು ಇತ್ತು. ಎರಡು ಜೊತೆ ಸ್ಕ್ರಬ್ಸ್, ತೊಟ್ಟದ್ದನ್ನು ಹಾಗೆಯೇ ಹಾಕಿ ಒಗೆಯಲು ದಿಂಬಿನ ಗವಸಿನಿಂದ ಮಾಡಿದ ಒಂದು ಚೀಲ. ಒಂದು ಜೊತೆಯ ಬಟ್ಟೆಯ ಮೇಲೆ ಸಣ್ಣ ಸಣ್ಣ ಹಡಗುಗಳಿದ್ದವು. ಯಾವುದೋ ಮಗುವಿನ ಕೋಣೆಯ ಪರದೆಯಾಗಿದ್ದಿರಬೇಕು. ಆ ತಿಂಗಳು ಹಡಗಿನ ಅಂಗಿ ತೊಟ್ಟೇ ಅನೇಕರ ಕೊನೆಯ ಗಳಿಗೆಗಳನ್ನು ನೋಡಿದೆ.

ಇಂಥ ಋಣಕ್ಕೆ ನಾನು ಕೊಟ್ಟದ್ದೇನು? ಧಾರವಾಡದಿಂದ ಯಾರೋ ತಂದಿದ್ದ ಪೇಡದ ಡಬ್ಬಿ. ಮುಂದಿನ ವರ್ಷ ಇನ್ನೊಂದು ಡಬ್ಬಿ. ಆಕೆ ಸಭ್ಯತೆಯಿಂದ ಅರ್ಧ ಪೇಡ ತಿಂದು ‘ಬಹಳ ಸಿಹಿ’ ಎಂದಿದ್ದರು. ಆ ಶನಿವಾರ ಚಹಾದೊಡನೆ ಅವರು ಹೇಳಿದ ಸುದ್ದಿಯೆಂದರೆ, ಫೆಬ್ರವರಿಯಲ್ಲಿ ಮನೆ ಬಿಟ್ಟು ಯಾರ್ಕ್‌ಶೈರಿನ ಕಡಲತೀರದ ವಿಟ್ಬಿಗೆ, ತಂಗಿಯಿರುವಲ್ಲಿಗೆ ಹೋಗುವವರಿದ್ದಾರೆಂಬುದು. ಆರು ವರ್ಷಗಳ ಬಾಕಿಯನ್ನು ಮೂರು ತಿಂಗಳಲ್ಲಿ ತೀರಿಸಬೇಕಾಗಿತ್ತು.

ಕೈಯಿಂದ ಏನನ್ನಾದರೂ ಮಾಡುವವರಿಗೆ ಉಡುಗೊರೆ ಕೊಡುವುದು ಕಷ್ಟದ ಕೆಲಸ. ಒಳ್ಳೆಯ ಕತ್ತರಿ, ಒಳ್ಳೆಯ ದಾರ ಯಾವುದೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬೇಕಾದದ್ದು ಅವರಲ್ಲಿ ಈಗಾಗಲೇ ಇರುತ್ತದೆ. ಆದರೆ ತಮ್ಮದೇ ಉಪಕರಣಗಳ ಹರಕನ್ನು ಹೊಲಿಯಲು ಮಾತ್ರ ಅವರಿಗೆ ಪುರಸೊತ್ತು ಇರುವುದಿಲ್ಲ. ‘ಸೂಜಿಮೆತ್ತೆ ತಾನೆ? ಎಂಟು ಪೌಂಡಿಗೆ ಆನ್‌ಲೈನಿನಲ್ಲಿ ಸಿಗುತ್ತದೆ, ನಾಳೆಯೇ ಬರುತ್ತದೆ’ ಎಂದು ನನ್ನ ಹೆಂಡತಿ ಫೋನು ಕೈಗೆತ್ತಿಕೊಂಡಳು. ನಾನೇ ಹೊಲಿಯುತ್ತೇನೆ ಎಂದೆ. ಇಪ್ಪತ್ತಾರು ವರ್ಷಗಳಲ್ಲಿ ನಾನು ಅಂಗಿಗೆ ಗುಂಡಿ ಹಚ್ಚಿದ್ದನ್ನೂ ಕಾಣದ ಆಕೆ ನಗಲಿಲ್ಲ. ಹಣೆ ಮುಟ್ಟಿ ಜ್ವರ ನೋಡಿದಳು.

ಆನೆಯನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನಲ್ಲಿ 1847ರಲ್ಲಿ ಹುಟ್ಟಿದ ಮಾರ್ಗರೆಟೆ ಸ್ಟೈಫ್ ಎಂಬ ಹೆಣ್ಣುಮಗಳಿಗೆ ಒಂದೂವರೆ ವರ್ಷದಲ್ಲಿ ಪೋಲಿಯೊ ತಗಲಿತು. ಕಾಲುಗಳೆರಡೂ ಹೋದವು, ಬಲಗೈ ಎತ್ತುವುದೂ ಯಾತನೆಯಾಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಆಕೆ ಹೊಲಿಗೆ ಕಲಿತಳು. ಹೊಲಿಗೆಯಂತ್ರದ ಚಕ್ರ ಬಲಗೈ ಕಡೆಗಿರುವುದರಿಂದ ಯಂತ್ರವನ್ನೇ ಹಿಂದುಮುಂದಾಗಿ ತಿರುಗಿಸಿಟ್ಟುಕೊಂಡು ಎಡಗೈಯಿಂದ ನಡೆಸುತ್ತಿದ್ದಳಂತೆ. 1877ರಲ್ಲಿ ಫೆಲ್ಟ್ ಬಟ್ಟೆಯ ಉಡುಪುಗಳ ಸ್ವಂತ ಅಂಗಡಿ ತೆರೆದಳು. 1879ರ ಡಿಸೆಂಬರಿನಲ್ಲಿ ಫ್ಯಾಷನ್ ಪತ್ರಿಕೆಯೊಂದರಲ್ಲಿ ಬಟ್ಟೆಯ ಆನೆಯ ನಕ್ಷೆಯೊಂದು ಅವಳ ಕಣ್ಣಿಗೆ ಬಿತ್ತು. ಅಂಗಡಿಯಲ್ಲುಳಿದ ಫೆಲ್ಟ್ ಚೂರುಗಳಿಂದ ಆನೆಗಳನ್ನು ಹೊಲಿದು, ಕುರಿಮರಿಯ ಉಣ್ಣೆ ತುಂಬಿ, ಸೂಜಿ ಚುಚ್ಚಿಡಲೆಂದು ಬಂಧುಮಿತ್ರರಿಗೆ ಹಂಚಿದಳು. ಸೂಜಿಮೆತ್ತೆಯನ್ನು ಮಕ್ಕಳು ಕಸಿದುಕೊಂಡು ಆಟಿಕೆ ಮಾಡಿಕೊಂಡರು. 1886ರ ವೇಳೆಗೆ ವರ್ಷಕ್ಕೆ ಐದು ಸಾವಿರಕ್ಕೂ ಹೆಚ್ಚು ಆನೆಗಳು ಮಾರಾಟವಾಗುತ್ತಿದ್ದವು. 1902ರಲ್ಲಿ ಅವಳ ಸೋದರನ ಮಗ ರಿಚರ್ಡ್ ರೂಪಿಸಿದ ಕರಡಿಯಿಂದ ಆ ಕಾರ್ಖಾನೆ ಜಗತ್ಪ್ರಸಿದ್ಧವಾಯಿತು. ಟೆಡ್ಡಿ ಕರಡಿಯ ಮನೆತನದ ಮೂಲಪುರುಷ ಹೀಗೆ ಒಂದು ಸೂಜಿಮೆತ್ತೆ.

ವೈದ್ಯನಾದ ನನಗೆ ಈ ಕಥೆಯಲ್ಲಿ ಆನೆಗಿಂತ ಪೋಲಿಯೊ ಮೊದಲು ಕಾಣುತ್ತದೆ. 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾದಾಗ ನಾನು ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನಲ್ಲಿ, ಅಂದರೆ ಆಮೇಲಿನ ಕಿಮ್ಸ್‌ನಲ್ಲಿ, ಹೌಸ್ ಸರ್ಜನ್. ಶಾಲೆಯ ಕಟ್ಟೆಯ ಮೇಲೆ ಕುಳಿತು ಹನಿ ಹಾಕುತ್ತಿದ್ದಾಗ, ಮೊಮ್ಮಗನನ್ನು ಎತ್ತಿಕೊಂಡು ಬಂದ ಅಜ್ಜನ ಒಂದು ಕಾಲು ಕಡ್ಡಿಯಂತಿದ್ದುದು ಇನ್ನೂ ನೆನಪಿದೆ. ಭಾರತದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು; 2014ರ ಮಾರ್ಚಿನಲ್ಲಿ ದೇಶವನ್ನು ಪೋಲಿಯೊಮುಕ್ತವೆಂದು ಘೋಷಿಸಿದರು. ನನ್ನ ಕೈಕೆಳಗಿನ ತರುಣ ವೈದ್ಯರಿಗೆ ಅದು ಪುಸ್ತಕದ ರೋಗ.

ಹೊಲಿಯುತ್ತೇನೆಂದು ಹೇಳಿಯಾಯಿತು, ಹೊಲಿಯಲು ಬರಬೇಕಲ್ಲ! ಹೌಸ್ ಸರ್ಜನ್ ಆಗಿದ್ದಾಗ ರಾತ್ರಿ ಪಾಳಿಯಲ್ಲಿ ಗಾಯಗಳನ್ನು ಹೊಲಿದದ್ದುಂಟು. ಆ ಬಳಿಕ ಎಂ.ಡಿ. ಮಾಡಿ ಔಷಧ ಬರೆಯುವವರ ಗುಂಪಿಗೆ ಸೇರಿದೆ. ನನಗೆ ಗೊತ್ತಿರುವ ನಿಜವಾದ ಹೊಲಿಗೆಗಾರ್ತಿ ಒಬ್ಬಳೇ: ಧಾರವಾಡದಲ್ಲಿ ತಮ್ಮನ ಮನೆಯಲ್ಲಿರುವ ನನ್ನ ಅವ್ವ. ಪ್ರತಿ ಬೇಸಿಗೆಯಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಹಳೆಯ ಸೀರೆಗಳ ಕೌದಿ ಹೊಲಿದವಳು. ಮದುವೆಗೆ ಮೊದಲೇ ಇಳಕಲ್ ಸೀರೆಯ ಮೇಲೆ ಕಸೂತಿ ತೆಗೆದವಳು.

ಆದರೆ ಅವ್ವನಿಗೀಗ ಎಂಬತ್ತೆರಡು. ಎರಡು ವರ್ಷಗಳಿಂದ ನೆನಪು ಕರಗುತ್ತಿದೆ. ಹುಬ್ಬಳ್ಳಿಯ ನರರೋಗ ವೈದ್ಯರು ಅಲ್ಝೈಮರ್ಸ್ ಎಂದು ಹೇಳಿದಾಗ ಅವರು ಕಳಿಸಿದ ಸ್ಕ್ಯಾನನ್ನು ನಾನು ಇಲ್ಲಿ ಮೂರು ಬಾರಿ ನೋಡಿದೆ. ಬೇರೆಯವರ ತಾಯಂದಿರ ಸ್ಕ್ಯಾನಿನಲ್ಲಿ ಅರ್ಧ ನಿಮಿಷದಲ್ಲಿ ಕಾಣುವುದನ್ನು ಒಪ್ಪಿಕೊಳ್ಳಲು ಅಷ್ಟು ಹೊತ್ತು ಬೇಕಾಯಿತು. ವಿಡಿಯೊ ಕರೆಯಲ್ಲಿ ಒಮ್ಮೆ ನನ್ನನ್ನು ತನ್ನ ತಮ್ಮನೆಂದು ಕರೆಯುತ್ತಾಳೆ, ಒಮ್ಮೆ ‘ಊಟಾತೇನ?’ ಎಂದು ಐದು ಸಲ ಕೇಳುತ್ತಾಳೆ. ನಿಜ ಹೇಳಬೇಕೆಂದರೆ, ಆ ಕರೆಗಳನ್ನು ನಾನು ಮೊಟಕುಗೊಳಿಸತೊಡಗಿದ್ದೆ. ಹೇಳಲು ಏನೂ ಉಳಿದಿರುತ್ತಿರಲಿಲ್ಲ.

ಡಿಸೆಂಬರಿನ ಮೊದಲ ಶನಿವಾರ, ಇಲ್ಲಿ ಬೆಳಗಿನ ಹತ್ತೂವರೆ, ಅಲ್ಲಿ ಸಂಜೆ ನಾಲ್ಕು. ಫೋನನ್ನು ಪುಸ್ತಕಕ್ಕೆ ಒರಗಿಸಿಟ್ಟು, ಬೂದುಬಣ್ಣದ ಫೆಲ್ಟಿನ ಎರಡು ತುಂಡು ಹಿಡಿದು ಕುಳಿತೆ. ಅವ್ವ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

‘ಯಾಕೋ ತಮ್ಮಾ, ಮಂದೀ ಮೈ ಹೊಲೀತಿ, ಅರಿವಿ ಹೊಲ್ಯಾಕ ಬರೂದಿಲ್ಲೇನ?’

ನಾನು ಬೆಚ್ಚಿದೆ. ನಾನು ವೈದ್ಯನೆಂಬುದನ್ನು ಅವಳು ಆಡಿ ತೋರಿಸಿ ತಿಂಗಳುಗಳೇ ಆಗಿದ್ದವು. ‘ದಾರ ಅಷ್ಟುದ್ದ ತಗೀಬ್ಯಾಡ. ಮೊಳಕ್ಕಿಂತ ಉದ್ದ ತಗದ್ರ ಗಂಟು ಬೀಳತೈತಿ. ಜಗ್ಗಬ್ಯಾಡ, ಸುಕ್ಕ ಬೀಳತೈತಿ. ಸೂಜಿ ಹಿಂದಕ್ಕ ತಂದು ಮುಂದಕ್ಕ ಹೋಗು, ಹಿಂದಕ್ಕ ತಂದು ಮುಂದಕ್ಕ ಹೋಗು.’ ಅವಳ ಬಲಗೈ ಗಾಳಿಯಲ್ಲಿ ಹೊಲಿಯುತ್ತಿತ್ತು. ಬ್ಯಾಕ್ ಸ್ಟಿಚ್ ಎಂಬ ಹೆಸರು ಅವಳಿಗೆ ತಿಳಿಯದು, ಹೊಲಿಗೆ ಮಾತ್ರ ಅದೇ.

ಇದರಲ್ಲಿ ಪವಾಡವೇನೂ ಇಲ್ಲ. ನಡೆದ ಘಟನೆಗಳನ್ನು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ ಕಟ್ಟಿಡುತ್ತದೆ; ಅಲ್ಝೈಮರ್ಸ್ ಬೇಗನೆ ಕೈಯಿಕ್ಕುವುದು ಅಲ್ಲಿಗೆ. ಸೈಕಲ್ ತುಳಿಯುವುದು, ರೊಟ್ಟಿ ತಟ್ಟುವುದು, ಹೊಲಿಯುವುದು ಮುಂತಾದ ಕೈರೂಢಿಗಳು ಬೇರೆ ಭಾಗಗಳಲ್ಲಿ ನೆಲೆಸಿರುವುದರಿಂದ ಹೆಚ್ಚು ಕಾಲ ಉಳಿಯುತ್ತವೆ. 1953ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಸ ನೆನಪನ್ನೇ ಕಟ್ಟಲಾರದೆ ಹೋದ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಗೆ, ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರ ಬರೆಯುವುದನ್ನು ದಿನದಿನವೂ ಅಭ್ಯಾಸ ಮಾಡಿಸಿದರು. ಹಿಂದಿನ ದಿನ ಬರೆದದ್ದು ಅವನಿಗೆ ನೆನಪಿರಲಿಲ್ಲ. ಕೈ ಮಾತ್ರ ದಿನದಿನಕ್ಕೂ ಪಳಗಿತು. ಇದನ್ನು ನಾನು ವಿದ್ಯಾರ್ಥಿಗಳಿಗೆ ವರ್ಷವೂ ಹೇಳುತ್ತೇನೆ. ನನ್ನ ತಾಯಿಯ ಜೊತೆ ಮಾತನಾಡುವ ದಾರಿ ಅದರಲ್ಲಿದೆಯೆಂದು ಮಾತ್ರ ಹೊಳೆದಿರಲಿಲ್ಲ. ಹಾಗೆಂದು, ಹೊಲಿದರೆ ಮರೆವು ವಾಸಿಯಾಗುತ್ತದೆಂಬ ವಾಟ್ಸ್‌ಆ್ಯಪ್ ಸಂದೇಶಗಳನ್ನು ದಯವಿಟ್ಟು ನನಗೆ ಕಳಿಸಬೇಡಿ. ವಾಸಿಯಾಗುವುದಿಲ್ಲ.

ಮೊದಲ ಆನೆ ಕೆಟ್ಟಿತು. ಪಕ್ಕೆಗೆ ಎರಡು ತುಂಡು, ಹೊಟ್ಟೆ ಹಾಗೂ ಕಾಲುಗಳ ಒಳಬದಿಗೆ ಎರಡು ತುಂಡು, ಎರಡು ಕಿವಿ, ಒಂದು ಬಾಲ, ನಕ್ಷೆ ಇಷ್ಟೇ. ಮೂತಿಯಿಂದ ಬಾಲದವರೆಗೆ ಹನ್ನೆರಡು ಸೆಂಟಿಮೀಟರ್. ನಾನು ಹೊಟ್ಟೆಯ ತುಂಡನ್ನು ಪಕ್ಕೆಯಷ್ಟೇ ಅಗಲ ಕತ್ತರಿಸಿದ್ದರಿಂದ ಕಾಲುಗಳು ನಾಲ್ಕು ದಿಕ್ಕಿಗೆ ಚಾಚಿಕೊಂಡು, ಹೆರಿಗೆಯಾದ ಹಸುವಿನಂತೆ ಆನೆ ಕುಸಿದು ಕುಳಿತಿತು. ಒಳಬದಿಯ ತುಂಡು ತುಸು ಸಣ್ಣದಿದ್ದರೆ ಮಾತ್ರ ಕಾಲು ಒಳಕ್ಕೆ ಸೆಳೆದು ನಿಲ್ಲುತ್ತದೆಂಬುದು ಆಮೇಲೆ ತಿಳಿಯಿತು. ಎರಡನೆಯ ತಪ್ಪು ತುಂಬುವುದರಲ್ಲಿ ಆಯಿತು. ಹೊಟ್ಟೆಯನ್ನು ಮೊದಲು ತುಂಬಿದೆ. ಸೊಂಡಿಲಿಗೆ ಉಣ್ಣೆ ತಲುಪಲೇ ಇಲ್ಲ. ‘ಸೊಂಡಿ ಮೊದಲ, ಆಮ್ಯಾಲ ಕಾಲು, ಹೊಟ್ಟಿ ಕಡೀಕ’ ಎಂದು ಅವ್ವ ಹೇಳಿದ್ದು ಮುಂದಿನ ಶನಿವಾರ. ಹೊಟ್ಟೆಯಡಿ ನಾಲ್ಕು ಸೆಂಟಿಮೀಟರ್ ಬಾಯಿ ಬಿಟ್ಟು, ಮೊಂಡು ತುದಿಯ ಕಡ್ಡಿಯಿಂದ ಚಿಟಿಕೆ ಚಿಟಿಕೆಯಾಗಿ ಒತ್ತಬೇಕು. ಸಾಕೆನಿಸಿದ ಮೇಲೂ ಮತ್ತೊಂದು ಹಿಡಿ ಒತ್ತಬೇಕು. ಸಡಿಲವಾದ ಸೂಜಿಮೆತ್ತೆಯಲ್ಲಿ ಸೂಜಿ ವಾಲುತ್ತದೆ, ಸಣ್ಣ ಸೂಜಿ ಒಳಗೆ ಮುಳುಗಿಯೂ ಹೋಗುತ್ತದೆ.

ಒಳಗೇನು ತುಂಬಬೇಕೆಂಬುದು ನಾನು ಎಣಿಸಿದ್ದಕ್ಕಿಂತ ದೊಡ್ಡ ಪ್ರಶ್ನೆಯಾಗಿತ್ತು. ಕುರಿಯ ಉಣ್ಣೆಯಲ್ಲಿ ಲ್ಯಾನೊಲಿನ್ ಎಂಬ ಜಿಡ್ಡಿನಂಶ ಇರುವುದರಿಂದ ಉಕ್ಕಿನ ಸೂಜಿಗೆ ತುಕ್ಕು ಬೇಗ ಹಿಡಿಯುವುದಿಲ್ಲ. ಮ್ಯಾಂಚೆಸ್ಟರಿನ ತೇವಕ್ಕೆ ಇದು ಒಳ್ಳೆಯ ಮದ್ದು. ಹತ್ತಿಗೆ ಆ ಗುಣವಿಲ್ಲ. ಅಕ್ರೋಟಿನ ಚಿಪ್ಪಿನ ಪುಡಿಯನ್ನು ತುಂಬುವವರಿದ್ದಾರೆ. ಈ ದೇಶದಲ್ಲಿ ಬೀಜಗಳ ಅಲರ್ಜಿಯಿರುವವರು ಅನೇಕರಿರುವುದರಿಂದ ಉಡುಗೊರೆಗೆ ಅದು ಬೇಡವೆನಿಸಿತು. ನೆರೆಯವರ ಹಳೆಯ ಟೊಮೇಟೊಗೆ ದಾರದಲ್ಲಿ ಒಂದು ಪುಟ್ಟ ಸ್ಟ್ರಾಬೆರಿ ತೂಗುತ್ತಿತ್ತು. ಅದು ಅಲಂಕಾರವೆಂದು ತಿಳಿದಿದ್ದೆ. ಒಳಗಿರುವುದು ಎಮರಿ ಎಂಬ ಸಾಣೆಪುಡಿಯಂತೆ, ಮೊಂಡಾದ ಸೂಜಿಯನ್ನು ಅದರಲ್ಲಿ ನಾಲ್ಕು ಬಾರಿ ಚುಚ್ಚಿ ತೆಗೆದರೆ ಚೂಪಾಗುತ್ತದೆ.

ಆನೆ ಮೇಜಿನ ಮೇಲೆ ಗಟ್ಟಿಯಾಗಿ ನಿಲ್ಲಲು ಕಾಲುಗಳಿಗೆ ಭಾರ ಬೇಕಿತ್ತು. ತೊಳೆದು ಒಣಗಿಸಿದ ಮರಳನ್ನು ಸಣ್ಣ ಬಟ್ಟೆಯ ಗಂಟುಗಳಲ್ಲಿ ಕಟ್ಟಿ ಇಡುವುದೆಂದು ನಿಶ್ಚಯಿಸಿದೆ. ಅವ್ವ ಒಪ್ಪಲಿಲ್ಲ. ‘ಸಾಸಿವಿ ಹಾಕು. ನಿನಗ ನಾ ಸಾಸಿವಿ ತಲಿದಿಂಬ ಮಾಡಿದ್ನೆಲ್ಲ!’ ಎಳೆಗೂಸಿನ ತಲೆ ದುಂಡಗಾಗಲೆಂದು ಸಾಸಿವೆಯ ದಿಂಬಿನ ಮೇಲೆ ಮಲಗಿಸುವ ನಮ್ಮ ಪದ್ಧತಿ ನಿಮಗೆ ಗೊತ್ತಿದೆ. ಒಂದು ವರ್ಷದೊಳಗಿನ ಮಗು ಮಲಗುವಾಗ ಯಾವ ದಿಂಬೂ ಬೇಡವೆಂದು ಇಲ್ಲಿ ನಾವು ತಾಯಂದಿರಿಗೆ ಹೇಳುತ್ತೇವೆ, ಹೇಳಲೂಬೇಕು. ಧಾನ್ಯಕ್ಕೆ ಹುಳು ಬೀಳುತ್ತದೆ, ಬೂಸು ಹಿಡಿಯುತ್ತದೆ ಎಂದು ವಾದಿಸಿದೆ. ಅವ್ವ ಅಷ್ಟರಲ್ಲಿ ಆ ಮಾತು ಮರೆತು, ಮತ್ತೆ ಮೊದಲಿನಿಂದ ‘ಸಾಸಿವಿ ಹಾಕು’ ಎಂದಳು. ಕೊನೆಗೆ ಮೂರು ಕಾಲಿಗೆ ಮರಳು, ಬಲಗಡೆಯ ಹಿಂಗಾಲಿಗೆ ಮಾತ್ರ ಬಾಣಲೆಯಲ್ಲಿ ಬೆಚ್ಚಗೆ ಹುರಿದ ಸಾಸಿವೆ ಹಾಕಿದೆ.

ಸೂಜಿಯ ವಿಷಯ ಬಂದಾಗ ರೆಡಿಚ್ ನೆನಪಾಗುತ್ತದೆ. ಈ ದೇಶಕ್ಕೆ ಬಂದ ಹೊಸತರಲ್ಲಿ ನಾನು ಬರ್ಮಿಂಗ್‌ಹ್ಯಾಮಿನ ದಕ್ಷಿಣಕ್ಕೆ ಕೆಲಸದಲ್ಲಿದ್ದೆ. ಅಲ್ಲಿಗೆ ಹತ್ತಿರದ ರೆಡಿಚ್, 19ನೆಯ ಶತಮಾನದಲ್ಲಿ ಜಗತ್ತಿನ ಸೂಜಿಗಳ ರಾಜಧಾನಿ. ನೀರಿನ ಚಕ್ರದಿಂದ ಸೂಜಿಗಳನ್ನು ಉಜ್ಜಿ ಹೊಳಪಿಡುತ್ತಿದ್ದ ಫೋರ್ಜ್ ಮಿಲ್ ಈಗ ವಸ್ತುಸಂಗ್ರಹಾಲಯವಾಗಿದೆ. ತಂತಿಯ ತುದಿಯನ್ನು ಸಾಣೆಕಲ್ಲಿಗೆ ಹಿಡಿದು ಮೊನೆ ಮಾಡುವ ಕೆಲಸಗಾರರು ಕಲ್ಲಿನ ಮತ್ತು ಉಕ್ಕಿನ ಧೂಳನ್ನು ಉಸಿರಾಡಿ, ಶ್ವಾಸಕೋಶ ಕೆಟ್ಟು, ನಡುವಯಸ್ಸು ಮುಟ್ಟುವ ಮುನ್ನವೇ ಸಾಯುತ್ತಿದ್ದರು. ಅದಕ್ಕೆ ‘ಮೊನೆಗಾರರ ಕೊಳೆ’ ಎಂಬರ್ಥದ ಹೆಸರೇ ಇತ್ತು. ಧೂಳು ಸೆಳೆಯುವ ಫ್ಯಾನು ಬಂದಾಗ ಅವರಲ್ಲಿ ಹಲವರು ವಿರೋಧಿಸಿದರಂತೆ: ಅಪಾಯ ಹೋದರೆ ಅಪಾಯಕ್ಕಾಗಿ ಕೊಡುತ್ತಿದ್ದ ಹೆಚ್ಚಿನ ಕೂಲಿಯೂ ಹೋಗುತ್ತದೆಂದು. ಕರ್ನಾಟಕದ ಕಲ್ಲುಗಣಿಗಳಿಂದ ಬಂದವರ ಎದೆಯ ಎಕ್ಸ್‌ರೇ ನೋಡಿದ್ದ ನನಗೆ ಆ ಮಾತು ವಿಚಿತ್ರವೆನಿಸಲಿಲ್ಲ.

ಬೂದು ಆನೆಗೆ ಬೆನ್ನ ಮೇಲೆ ಒಂದು ಜೂಲು ಬೇಕಿತ್ತು. ನನ್ನ ಬೀರುವಿನ ತಳದಲ್ಲಿ ಅವ್ವನ ಇಳಕಲ್ ಸೀರೆಯೊಂದಿದೆ. 2003ರಲ್ಲಿ ಊರು ಬಿಡುವಾಗ, ಪುಸ್ತಕ ಸುತ್ತಿಕೋ ಎಂದು ಕೊಟ್ಟದ್ದು. ಮಡಿಕೆಗಳಲ್ಲಿ ಅದು ಆಗಲೇ ಸೀಳಿತ್ತು. ಸೆರಗಿನ ಹತ್ತಿರ ಅವಳೇ ತೆಗೆದ ಕಸೂತಿ: ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿ ಎಣಿಸಿಯೇ ತೆಗೆಯುವ ಕೆಲಸವದು. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂದು ಅದರ ನಾಲ್ಕು ಹೊಲಿಗೆಗಳು. ಗವಂತಿಯಲ್ಲಿ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಜಾಗ ತುಂಬುವುದರಿಂದ ಬಟ್ಟೆಯ ಎರಡೂ ಬದಿ ಒಂದೇ ಚಿತ್ರ ಮೂಡುತ್ತದೆ.

ಕತ್ತರಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಅವ್ವ ಹೋದ ಮೇಲೆ ನನ್ನ ಬಳಿ ಉಳಿಯುವುದು ಇದೊಂದೇ ಎಂದು ಎಂದೋ ಲೆಕ್ಕ ಹಾಕಿಟ್ಟಿದ್ದ ಸೀರೆ ಅದು. ಬದುಕಿರುವವಳ ವಸ್ತುವನ್ನು ನೆನಪಿನ ವಸ್ತುವಾಗಿ ತೆಗೆದಿಟ್ಟಿದ್ದೆನೆಂಬುದು ಅಂದು ಹೊಳೆದು ನಾಚಿಕೆಯಾಯಿತು. ಫೋನಿನಲ್ಲಿ ಸೀರೆ ತೋರಿಸಿ, ಕತ್ತರಿಸಲೇ ಎಂದು ಕೇಳಿದೆ.

‘ಕತ್ತರಸು. ಪೆಟಗಿ ಒಳಗಿಟ್ಟು ಏನ್ ಮಾಡ್ತಿ? ಅರಿವಿ ಅಂದ್ರ ಹರಿಯೂದ. ಹರದದ್ದು ಕೌದಿಗೆ.’

ಸೀರೆಯ ಹತ್ತಿ ಎಲ್ಲಿಯದೋ ತಿಳಿಯದು. ಆದರೆ ನಮ್ಮ ಸೀಮೆಯ ಹತ್ತಿಗೂ ನಾನಿರುವ ಈ ಸೀಮೆಗೂ ಹಳೆಯ ನಂಟಿದೆ. 1840ರ ದಶಕದಲ್ಲಿ ಬ್ರಿಟಿಷರು ಧಾರವಾಡದ ಎರೆಹೊಲಗಳಲ್ಲಿ ಅಮೆರಿಕದ ತಳಿಯನ್ನು ಬೆಳೆಸಿದರು. ‘ಧಾರವಾಡ್ ಅಮೆರಿಕನ್’ ಎಂಬುದು ಮಾರುಕಟ್ಟೆಯಲ್ಲಿ ಅದರ ಹೆಸರು. 1861ರಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು ಲ್ಯಾಂಕಾಶೈರಿನ ಗಿರಣಿಗಳು ಮುಚ್ಚಿ, ಕೂಲಿಕಾರರು ಉಪವಾಸ ಬಿದ್ದಾಗ, ಮ್ಯಾಂಚೆಸ್ಟರಿನ ವರ್ತಕರು ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂದು ಒತ್ತಾಯಿಸುತ್ತಿದ್ದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ ಆಸೆಯೂ ಇತ್ತು. ಹತ್ತಿ ಇಲ್ಲಿಗೆ ಬಂದು, ಬಟ್ಟೆಯಾಗಿ ಹಿಂದಿರುಗಿ, ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿದ ಕಥೆ ನಿಮಗೆ ತಿಳಿದದ್ದೇ.

ಜೂಲನ್ನು ಅಂಗೈಯಗಲ ಕತ್ತರಿಸಿ, ಅಂಚು ಮಡಚಿ, ಅದರೊಳಗೆ ಕಸೂತಿಯ ಆನೆ ಸರಿಯಾಗಿ ಬೆನ್ನ ಮೇಲೆ ಬರುವಂತೆ ಹೊಲಿದೆ. ಮೇಲಂಚಿಗಷ್ಟೇ ಹೊಲಿಗೆ ಹಾಕಿದ್ದರಿಂದ ಅದನ್ನು ಎತ್ತಿ ನೋಡಬಹುದಿತ್ತು. ಕಣ್ಣಿಗೆ ಗುಂಡಿ ಹಚ್ಚದೆ ಕಪ್ಪು ದಾರದ ಎರಡು ಗಂಟು ಹಾಕಿದೆ. ವಿಟ್ಬಿಯ ತಂಗಿಗೆ ಪುಟ್ಟ ಮೊಮ್ಮಕ್ಕಳಿದ್ದಾರೆ. ಸ್ಟೈಫಳ ಆನೆಗೆ ಆದದ್ದು ಇದಕ್ಕೂ ಆಗಬಾರದೆಂದಿಲ್ಲ. ಸೂಜಿಯಿರುವ ವಸ್ತುವನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ಬಟ್ಟೆ, ಉಣ್ಣೆ, ದಾರ ಸೇರಿ ಖರ್ಚು ಹತ್ತು ಪೌಂಡಿನೊಳಗೆ ಮುಗಿಯಿತು. ಸಮಯ ಒಂಬತ್ತು ಶನಿವಾರ.

ಜನವರಿಯ ಕೊನೆಯಲ್ಲಿ ಕೊಡಲು ಹೋದೆ. ಮನೆಯ ತುಂಬ ಪೆಟ್ಟಿಗೆಗಳು. ಹೊಲಿಯಬಲ್ಲವರು ಹೊಲಿದದ್ದನ್ನು ಮೊದಲು ಮಗುಚಿ ನೋಡುತ್ತಾರೆಂದು ಅಂದು ತಿಳಿಯಿತು. ಆನೆಯನ್ನು ಅಂಗಾತ ಮಾಡಿ ಹೊಟ್ಟೆಯ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದರು. ಎಡಗಡೆಯ ಮುಂಗಾಲು ತುಸು ಗಿಡ್ಡ ಎಂದರು. ಜೂಲನ್ನು ಎತ್ತಿ ಹಿಂಬದಿ ನೋಡಿದವರು ಕನ್ನಡಕ ಹಾಕಿಕೊಂಡರು. ‘ಗಂಟೇ ಇಲ್ಲ. ಇದು ಹೋಲ್ಬೈನ್ ಹೊಲಿಗೆ. ನಿಮ್ಮ ಕೆಲಸವಲ್ಲ.’ ಹೋಲ್ಬೈನ್ ಎಂಬ ಚಿತ್ರಕಾರನ ಚಿತ್ರಗಳಲ್ಲಿನ ಉಡುಪುಗಳಲ್ಲಿ ಕಾಣುವುದರಿಂದ ಗವಂತಿಯಂಥ ಹೊಲಿಗೆಗೆ ಇಲ್ಲಿ ಆ ಹೆಸರು. ನನ್ನ ತಾಯಿಯದೆಂದು ಹೇಳಿ, ಅವ್ವನ ಸ್ಥಿತಿಯನ್ನೂ ಹೇಳಿದೆ. ಆರು ವರ್ಷದ ನೆರೆಯಲ್ಲಿ ಅದನ್ನು ನಾನು ಹೇಳಿರಲಿಲ್ಲ, ಅವರು ಕೇಳಿರಲೂ ಇಲ್ಲ. ತಮ್ಮ ತಾಯಿಗೂ ಕೊನೆಯ ನಾಲ್ಕು ವರ್ಷ ಹಾಗೆಯೇ ಆಗಿತ್ತೆಂದರು. ಆನೆಯನ್ನು ಕಿವಿಯ ಬಳಿ ಅಲುಗಾಡಿಸಿ, ‘ಈ ಒಂದು ಕಾಲಿನಲ್ಲೇನು?’ ಎಂದು ಕೇಳಿದರು. ಸಾಸಿವೆಯ ಕಥೆ ಹೇಳಿದೆ. ಹರಿದ ಟೊಮೇಟೊದಿಂದ ಒಂದೊಂದೇ ಸೂಜಿ ಕಿತ್ತು ಆನೆಯ ಬೆ‌ನ್ನಿಗೆ, ಜೂಲಿನ ಆಚೀಚೆ ಚುಚ್ಚತೊಡಗಿದರು. ನನಗೂ ಅರ್ಧ ಪಾಲು ಕೊಟ್ಟರು. ಆ ಸಂಜೆ ಮಾಡಿದ ಚಹಾ ಆರಿಯೇ ಹೋಯಿತು.

ಪ್ಲಾಬ್ ಪರೀಕ್ಷೆಯ ಎರಡನೆಯ ಹಂತಕ್ಕೆ ಮ್ಯಾಂಚೆಸ್ಟರಿಗೆ ಬರುವ ನಮ್ಮ ಕಡೆಯ ತರುಣ ವೈದ್ಯರು ಕೆಲವೊಮ್ಮೆ ನಮ್ಮಲ್ಲಿ ಉಳಿದುಕೊಳ್ಳುತ್ತಾರೆ. ವೀಸಾ, ಸಂಬಳ, ಬಾಡಿಗೆ ಎಲ್ಲವನ್ನೂ ಕೇಳುತ್ತಾರೆ. ಇಲ್ಲಿ ಸ್ನೇಹಿತರು ಸಿಗುತ್ತಾರೆಯೆ ಎಂದು ಕೇಳಿದವನು ಈವರೆಗೆ ಒಬ್ಬನೇ. ಕನ್ನಡ ಸಂಘಗಳಿವೆ, ದೀಪಾವಳಿ ಯುಗಾದಿಗಳಿಗೆ ನಾವೆಲ್ಲ ಸೇರುತ್ತೇವೆ. ಆದರೆ ಗೋಡೆಯಾಚೆಯವರು ನಮ್ಮ ಓಣಿಯವರಂತೆ ‘ಏನ್ ಅಡಗಿ ಮಾಡೀರಿ?’ ಎಂದು ಒಳಗೆ ಬರುವುದಿಲ್ಲ. ನಾವು ಹಾಗೆ ಹೋಗುವಂತಿಲ್ಲ. ಇವರಿಗೆ ಎದುರುಬದುರು ಕುಳಿತು ಬರಿದೆ ಮಾತನಾಡುವುದು ಕಷ್ಟ. ಕೈಯಲ್ಲೊಂದು ಕೆಲಸವಿದ್ದರೆ ಮಾತು ತಾನೇ ಬರುತ್ತದೆ. ತೋಟವೋ ಅಡುಗೆಯೋ ಹೆಣಿಗೆಯೋ, ಏನಾದರೊಂದನ್ನು ಬಲ್ಲವರಾಗಿ ಬನ್ನಿ ಎಂದು ಅವನಿಗೆ ಹೇಳಿದೆ. ಅವನು ಕ್ರಿಕೆಟ್ ಆಡುತ್ತೇನೆಂದ. ಅದೂ ಆದೀತು.

ವಿಟ್ಬಿಗೆ ಹೊರಡುವ ಮುನ್ನ ಆಕೆ ಅವ್ವನ ವಿಳಾಸ ಬರೆಸಿಕೊಂಡರು. ಹಡಗಿನ ಚಿತ್ರದ ಒಂದು ಕಾರ್ಡು ಧಾರವಾಡಕ್ಕೆ ಮುಟ್ಟಿತು. ಒಳಗೆ ನಾಲ್ಕು ಸಾಲು: ಹೊಲಿಗೆಯ ಹಿಂಬದಿ ನೋಡಿದೆ, ನಿಮ್ಮ ಮಗನಿಗೆ ಇನ್ನೂ ಸ್ವಲ್ಪ ಕಲಿಸಬೇಕು, ಸಾಸಿವೆ ಕ್ಷೇಮವಾಗಿದೆ, ಧನ್ಯವಾದಗಳು. ತಮ್ಮನ ಹೆಂಡತಿ ಅದನ್ನು ಕನ್ನಡದಲ್ಲಿ ಓದಿ ಹೇಳಿದಳಂತೆ. ‘ಭಾವಾರ, ಅತ್ತಿಯವರು ದಿನಾ ಕೇಳ್ತಾರ, ಬಾಯಾರ ಕಾಗದ ಬಂತೇನ ಅಂತ. ನಾ ದಿನಾ ಓದ್ತೇನಿ. ದಿನಾ ಹೊಸಾ ಕಾಗದ ಬಂದಂಗ ಖುಷಿ ಪಡ್ತಾರ.’

ಕಳೆದ ಶನಿವಾರ ಕರೆ ಮಾಡಿದಾಗ ಅವ್ವನ ಮಡಿಲಲ್ಲಿ ಬಟ್ಟೆಯ ಬಿಳಿಯ ತುಂಡುಗಳಿದ್ದವು. ತಾನಾಗಿಯೇ ಸೂಜಿ ಕೇಳಿದಳಂತೆ. ಮನೆಯವರು ದಾರ ಪೋಣಿಸಿ ಕೊಟ್ಟು, ಸೂಜಿ ಎಣಿಸಿ ಹಿಂದಕ್ಕೆ ತೆಗೆದಿಡುತ್ತಾರೆ. ನನ್ನ ಕಡೆ ನೋಡದೆ ಹೊಲಿಯುತ್ತಲೇ ಇದ್ದಳು. ಆನೆಗೆ ಸೊಂಡಿಲೇ ಇಲ್ಲವಲ್ಲ ಅವ್ವಾ ಎಂದೆ.

‘ಆನಿ ಅಲ್ಲೋ, ಎತ್ತು. ಕೋಡ ಇನ್ನೂ ಹಚ್ಚಿಲ್ಲ.’